ನಲವತ್ತು ನಿಮಿಷ ತಡವಾದ ಆಕ್ಷೇಪ

ಆ ಗುಂಪಿನಲ್ಲಿ ನನಗೆ ಒಪ್ಪಿಸಿದ್ದ ಕೆಲಸ ಗಡಿಯಾರ ನೋಡುವುದು.

ಕಂಪ್ಯೂಟರನ್ನು ಕನ್ನಡದಲ್ಲಿ ಬಳಸಲು ಬೇಕಾದ ಒಂದು ಮುಕ್ತ ತಂತ್ರಾಂಶವನ್ನು ಸಂಬಳವಿಲ್ಲದೆ ಕಟ್ಟುತ್ತಿದ್ದ ಹದಿನಾಲ್ಕು ಜನರ ಗುಂಪು ಅದು. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಹೆಚ್ಚಿನವರು ಬೆಂಗಳೂರಿನ ಎಂಜಿನಿಯರುಗಳು, ಒಂದಿಬ್ಬರು ಮೈಸೂರಿನ ವಿದ್ಯಾರ್ಥಿಗಳು. ಒಬ್ಬರ ಮುಖ ಒಬ್ಬರು ನೋಡಿದ್ದು ಕಡಿಮೆ. ಮಾತೆಲ್ಲ ನಡೆಯುತ್ತಿದ್ದುದು ಮೇಲಿಂಗ್ ಲಿಸ್ಟಿನಲ್ಲಿ. ಒಬ್ಬರು ಬರೆದ ಇಮೇಲ್ ಹದಿನಾಲ್ಕೂ ಜನಕ್ಕೆ ಹೋಗುತ್ತಿತ್ತು. ನಾನು ಸಕಲೇಶಪುರದಲ್ಲಿ ಒಂದು ದಿನಪತ್ರಿಕೆಯ ವರದಿಗಾರ. ನನಗೆ ಪ್ರೋಗ್ರಾಂ ಬರೆಯಲು ಬರುತ್ತಿರಲಿಲ್ಲ. ಹಾಗಾಗಿ ಗುಂಪಿನ ತೀರ್ಮಾನಗಳ ದಾಖಲೆ ಇಡುವ ಕೆಲಸ ನನ್ನ ಪಾಲಿಗೆ ಬಂತು.

ತೀರ್ಮಾನದ ಕ್ರಮ ಹೀಗಿತ್ತು. ಯಾರು ಬೇಕಾದರೂ ಪ್ರಸ್ತಾಪ ಇಡಬಹುದು. ಇಟ್ಟ ಮೇಲೆ ಎಪ್ಪತ್ತೆರಡು ಗಂಟೆ ಕಾಯಬೇಕು. ಒಪ್ಪುವವರು ‘ಪ್ಲಸ್ ಒನ್’ ಎಂದು ಬರೆಯುತ್ತಾರೆ, ಒಪ್ಪದವರು ‘ಮೈನಸ್ ಒನ್’. ಏನೂ ಬರೆಯದವರು ಒಪ್ಪಿದಂತೆ. ಆದರೆ ಒಂದೇ ಒಂದು ಮೈನಸ್ ಒನ್ ಬಂದರೂ ಪ್ರಸ್ತಾಪ ಬೀಳುತ್ತಿತ್ತು. ಅದಕ್ಕೆ ಎರಡು ಷರತ್ತು: ಆಕ್ಷೇಪಿಸುವವರು ಕಾರಣ ಕೊಡಬೇಕು, ಮತ್ತು ಅದರಿಂದ ಹುಟ್ಟುವ ಕೆಲಸವನ್ನು ತಾವೇ ಹೊರಬೇಕು. ಹಿಂದೆ ಒಂದು ಗುಂಡಿಯ ಬಣ್ಣದ ಬಗ್ಗೆ ಎರಡು ತಿಂಗಳು ಜಗಳವಾಡಿ ಸುಸ್ತಾದ ಮೇಲೆ ಈ ಕ್ರಮಕ್ಕೆ ಬಂದಿದ್ದರು.

ದಾಖಲೆ ಇಡುವವನು ಓಟು ಹಾಕಬಾರದು ಎಂಬ ನಿಯಮ ಸೇರಿಸಿದವನು ನಾನು. ಪತ್ರಿಕೆಯಲ್ಲಿ ಪುಟ ಮುಚ್ಚಿದ ಮೇಲೆ ಬಂದ ಸುದ್ದಿ ನಾಳೆಗೆ ಹೋಗುತ್ತದೆ, ಕಳಿಸಿದವನು ಯಾರೇ ಇರಲಿ. ಅದೇ ಶಿಸ್ತನ್ನು ಇಲ್ಲಿಗೂ ತಂದೆ. ಗುಂಪು ಮೆಚ್ಚಿಕೊಂಡಿತು.

ಆಲೂರಿನ ಟೈಪಿಂಗ್ ಮೇಡಂ ಅವರನ್ನು ಗುಂಪಿಗೆ ಸೇರಿಸಿದವನೂ ನಾನೇ. ಆಲೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಮಹಡಿಯ ಮೇಲೆ ಅವರದೊಂದು ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಪಾಳ್ಯದ ಮನೆಯಿಂದ ದಿನಾ ಬಸ್ಸಿನಲ್ಲಿ ಬಂದು ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆಯುತ್ತಿದ್ದರು. ಟೈಪ್‌ರೈಟರುಗಳ ಕಾಲ ಮುಗಿಯಿತು ಎಂಬ ವರದಿಗೆಂದು ಹೋದವನಿಗೆ ಅವರು ತೋರಿಸಿದ್ದು ಬೇರೆ. ಒಂದು ಮೂಲೆಯಲ್ಲಿ ಎರಡು ಹಳೆಯ ಕಂಪ್ಯೂಟರ್ ಇಟ್ಟಿದ್ದರು.

“ಹುಡ್ಗೀರ ಬೆರಳು ಕಲ್ತುಬುಟ್ಟೈತೆ ಸಾರ್. ಜೂನಿಯರ್, ಸೀನಿಯರ್ ಎಲ್ಲಾ ಪಾಸ್ ಮಾಡವ್ರೆ. ಕಣ್ಮುಚ್ಕೊಂಡು ಹೊಡೀತಾರೆ. ಕಂಪ್ಯೂಟರ್ ಮುಂದೆ ಕೂತ್ರೆ ಒಂದಕ್ಷರ ಬರಾಕಿಲ್ಲ, ಕೀಲಿ ಎಲ್ಲಾ ಬೇರೆ. ಬೆರಳನ್ನ ಯಾಕ್ರೀ ಬದಲಾಯಿಸ್ಬೇಕು? ಮಿಷಿನ್ನನ್ನ ಬದಲಾಯ್ಸಿ.”

ಅದು ಸುಲಭದ ಮಾತಲ್ಲ. ಕನ್ನಡ ಟೈಪ್‌ರೈಟರಿನಲ್ಲಿ ಅಕ್ಷರವನ್ನು ತುಂಡುತುಂಡಾಗಿ ಹೊಡೆಯುತ್ತಾರೆ: ಮೊದಲು ಒಡಲು, ಆಮೇಲೆ ತಲೆಕಟ್ಟು ಅಥವಾ ಕೊಂಬು, ಕೆಳಗೆ ಒತ್ತು. ಕಂಪ್ಯೂಟರಿಗೆ ಬೇಕಾದ್ದು ಇಡೀ ಅಕ್ಷರ. ಯಾವ ತುಂಡಿನ ಜೊತೆ ಯಾವ ತುಂಡು ಸೇರಿದರೆ ಯಾವ ಅಕ್ಷರ ಎಂದು ಹೇಳುವ ಕೋಷ್ಟಕವನ್ನು ಮೇಡಂ ಗ್ರಾಫ್ ಹಾಳೆಗಳ ಮೇಲೆ ಆರು ತಿಂಗಳು ಕೂತು ಬರೆದರು. ಅದನ್ನು ಓದಿ ಕೆಲಸ ಮಾಡುವ ಪ್ರೋಗ್ರಾಮನ್ನು ಮೈಸೂರಿನ ಒಬ್ಬ ವಿದ್ಯಾರ್ಥಿ ಬರೆದುಕೊಟ್ಟ. ಗುಂಪು ಈ ‘ಟೈಪ್‌ರೈಟರ್ ಕೀಲಿಮಣೆ’ಯನ್ನು ಸ್ವೀಕರಿಸಿತು. ಮೇಡಂ ಆ ಕಡತಗಳನ್ನು ನೋಡಿಕೊಳ್ಳುವ ಹೊಣೆ ಹೊತ್ತ ಪಾಲಕರಾದರು. ಬರುವ ಜೂನ್ ತಿಂಗಳಿಂದ ಕಂಪ್ಯೂಟರಿನಲ್ಲೇ ತರಗತಿ, ಕಲಿತ ಬೆರಳು ಹಾಗೇ ನಡೆಯುತ್ತದೆ ಎಂದು ಬೋರ್ಡಿಗೆ ಬರೆಸಿದರು. ಹನ್ನೊಂದು ಹುಡುಗಿಯರು ಹೆಸರು ಕೊಟ್ಟರು.

ಆ ಸಲ ಗುಂಪಿನ ಒಬ್ಬ ಲಿಸ್ಟಿನಲ್ಲಿ ಬರೆದಿದ್ದ: “ಪಾಲಕರು ಆಲೂರು, ದಾಖಲೆಗಾರರು ಸಕಲೇಶಪುರ. ಇದು ಮುಕ್ತ ತಂತ್ರಾಂಶವೋ, ಹಾಸನ ಜಿಲ್ಲಾ ಸಂಘವೋ?” ಕೆಲವರು ನಕ್ಕರು. ಆದರೆ ಆ ಮಾತು ನನ್ನೊಳಗೆ ಉಳಿಯಿತು. ವರದಿಗಾರನಿಗೆ ಪಕ್ಷಪಾತದ ಆರೋಪ ಕಳ್ಳತನದ ಆರೋಪಕ್ಕಿಂತ ಕೆಟ್ಟದ್ದು.

ಮುಂದಿನ ಮಾರ್ಚಿನಲ್ಲಿ ತಂತ್ರಾಂಶದ ಹೊಸ ಆವೃತ್ತಿಯ ಬಿಡುಗಡೆ ಹತ್ತಿರ ಬಂತು. ಅದರ ಹೊಣೆ ಬೆಂಗಳೂರಿನ ಒಬ್ಬ ಎಂಜಿನಿಯರದು. ಚುರುಕಾದ ಮನುಷ್ಯ, ಸಭ್ಯ, ಹಗಲು ಕಂಪನಿಯ ಕೆಲಸ ಮಾಡಿ ಸಂಜೆ ಇದನ್ನು ಮಾಡುತ್ತಿದ್ದರು. ಒಂದು ಸೋಮವಾರ ಸಂಜೆ ಆರು ಗಂಟೆಗೆ ಅವರ ಪ್ರಸ್ತಾಪ ಬಂತು. ತಂತ್ರಾಂಶದ ಒಳಭಾಗ ಬದಲಾಗಿದೆ, ಟೈಪ್‌ರೈಟರ್ ಕೀಲಿಮಣೆ ಈಗ ಒತ್ತಕ್ಷರ ಹೊಡೆದ ಕೂಡಲೇ ಕುಸಿದು ನಿಲ್ಲುತ್ತಿದೆ, ಅದರ ಪ್ರೋಗ್ರಾಂ ಬರೆದ ವಿದ್ಯಾರ್ಥಿ ಕೆಲಸ ಸಿಕ್ಕಿ ಗುಂಪು ಬಿಟ್ಟಿದ್ದಾನೆ, ಅದನ್ನು ತಿದ್ದಬಲ್ಲವರಿಲ್ಲ. ಆದ್ದರಿಂದ ಈ ಬಿಡುಗಡೆಯಿಂದ ಅದನ್ನು ಕೈಬಿಡೋಣ. ಗುರುವಾರ ಸಂಜೆ ಆರರವರೆಗೆ ಅವಕಾಶ.

ಕಾರಣಗಳು ಸರಿಯಾಗಿದ್ದವು. ಅದರ ಹಿಂದೆಯೇ ಪ್ಲಸ್ ಒನ್‌ಗಳು ಬಂದವು. ಜಿಲ್ಲಾ ಸಂಘ ಎಂದು ಅಣಕಿಸಿದ್ದವನೇ ಬರೆದ: “ಪ್ಲಸ್ ಒನ್. ಟೈಪಿಸ್ಟಮ್ಮನ ಮ್ಯೂಸಿಯಮ್ಮಿಗೆ ನಾವು ಬಾಡಿಗೆ ಕಟ್ಟುವುದು ಸಾಕು.” ಇನ್ನೊಬ್ಬ: “ಆ ಮೆಷಿನ್ ಜೊತೆ ಅವರನ್ನೂ ಗುಜರಿಗೆ ಕೊಟ್ಟರೆ ತೂಕಕ್ಕೆ ಬರುತ್ತೆ.” ಈ ಸಾಲುಗಳೂ ಮೇಡಂಗೆ ಹೋಗುತ್ತಿದ್ದವು, ಅವರೂ ಅದೇ ಲಿಸ್ಟಿನಲ್ಲಿದ್ದರು. ಬಿಡುಗಡೆ ಎಂಜಿನಿಯರ್ “ದಯವಿಟ್ಟು ವಿಷಯಕ್ಕೆ ಸೀಮಿತವಾಗಿರಿ” ಎಂದರು. ನಾನು ಓಟುಗಳನ್ನು ಮಾತ್ರ ದಾಖಲಿಸಿದೆ.

ಮಂಗಳವಾರ ಮಧ್ಯಾಹ್ನ ಗಾಳಿ ಎದ್ದು ಮಳೆ ಬಂತು. ಹೂ ಬಿಡಲು ಕಾಫಿ ಗಿಡ ಕಾಯುತ್ತಿದ್ದ ಹೂಮಳೆ ಅದು. ಒಂದು ಗಂಟೆ ಹೊಡೆದು ಬಿಟ್ಟಿತು. ಎಸ್ಟೇಟಿನವರು ಖುಷಿಯಾದರು. ಆಲೂರು ಕಡೆ ಸಿಲ್ವರ್ ಓಕ್ ಮರಗಳು ಬಿದ್ದು ಟೆಲಿಫೋನ್ ತಂತಿ ಹರಿದಿತ್ತು. ಬುಧವಾರದ ಪತ್ರಿಕೆಗೆ ಮಳೆಯ ಸುದ್ದಿ ಬರೆದವನು ನಾನು. ಕೊನೆಯ ಸಾಲು ಹೀಗಿತ್ತು: ‘ಆಲೂರು, ಪಾಳ್ಯ, ಕೆ. ಹೊಸಕೋಟೆ ಭಾಗದಲ್ಲಿ ದೂರವಾಣಿ ಸಂಪರ್ಕ ಕಡಿತಗೊಂಡಿದ್ದು, ದುರಸ್ತಿಗೆ ಮೂರು ದಿನ ಬೇಕಾಗಬಹುದು.’

ಆಗಿನ ಇಂಟರ್ನೆಟ್ ಬರುತ್ತಿದ್ದುದು ಅದೇ ಫೋನ್ ತಂತಿಯಲ್ಲಿ. ಆ ಸಾಲು ಬರೆಯುವಾಗಲೇ ನನಗೆ ಮೇಡಂ ನೆನಪಾದರು. ಸಕಲೇಶಪುರದಿಂದ ಆಲೂರಿಗೆ ಬಸ್ಸಿತ್ತು. ಕಂಡಕ್ಟರ್ ಕೈಯಲ್ಲಿ ಒಂದು ಚೀಟಿ ಕೊಟ್ಟಿದ್ದರೆ ಅರ್ಧ ದಿನದೊಳಗೆ ತಲುಪುತ್ತಿತ್ತು: ‘ಸಕಲೇಶಪುರಕ್ಕೆ ಬನ್ನಿ, ಇಲ್ಲಿ ಲೈನ್ ಇದೆ.’ ನಾನು ಕೊಡಲಿಲ್ಲ. ದಾಖಲೆ ಇಡುವವನು ಒಬ್ಬರಿಗೆ ಮಾತ್ರ ಸುದ್ದಿ ಮುಟ್ಟಿಸಿದರೆ ಅದು ಪಕ್ಷಪಾತ ಎಂದು ನನಗೆ ನಾನೇ ಹೇಳಿಕೊಂಡೆ. ಬುಧವಾರವಿಡೀ ಹಾಗೆಯೇ ಹೇಳಿಕೊಂಡೆ.

ಗುರುವಾರ ಸಂಜೆ ಆನೇಮಹಲಿನ ನನ್ನ ಮನೆಯಿಂದ ಸ್ಕೂಟರಿನಲ್ಲಿ ಪೇಟೆಗೆ ಬಂದು ಐದೂ ಮುಕ್ಕಾಲಕ್ಕೆ ಸೈಬರ್ ಸೆಂಟರಿನಲ್ಲಿ ಕೂತೆ. ಅದರ ಮಾಲೀಕ ನನ್ನ ವಾರಿಗೆಯವನು, ಹಿಂದೆ ವಿಡಿಯೊ ಕ್ಯಾಸೆಟ್ ಬಾಡಿಗೆಗೆ ಕೊಡುತ್ತಿದ್ದವನು. ಪರದೆಯ ಕಡೆ ಬಗ್ಗಿ ನೋಡಿದ.

“ಏನ್ ಮಾರಾಯ, ಯಾರ್ಗೋ ನೇಣು ಹಾಕೋ ಟೈಮ್ ನೋಡ್ದಂಗೆ ಗಡಿಯಾರ ನೋಡ್ತಾ ಕೂತಿದೀಯ?”

“ಓಟಿಂಗ್ ಮುಗೀಬೇಕು.”

“ಪಂಚಾಯ್ತಿ ಎಲೆಕ್ಷನ್ನಾ?”

“ಅಲ್ಲ ಕಣೋ. ಮೂರು ದಿನ ಯಾರೂ ಬೇಡ ಅನ್ನದೆ ಇದ್ರೆ ಪಾಸು.”

“ಒಳ್ಳೆ ರೂಲು. ನಮ್ಮನೇಲೂ ಇದೇ ಐತೆ. ನಾನು ಸುಮ್ನಿರ್ತೀನಿ, ಎಲ್ಲಾ ಪಾಸಾಗ್ತಾ ಹೋಗ್ತೈತೆ.”

ಆರು ಗಂಟೆಯಾಯಿತು. ಒಂಬತ್ತು ಪ್ಲಸ್ ಒನ್, ಮೈನಸ್ ಒನ್ ಇಲ್ಲ, ಉಳಿದವರು ಮೌನ. ‘ಪ್ರಸ್ತಾಪ ಅಂಗೀಕಾರವಾಗಿದೆ’ ಎಂದು ಕಳಿಸಿದೆ. ಕಂಪ್ಯೂಟರಿನಲ್ಲಿ ಸಮಯ ಆರು ಗಂಟೆ ಒಂದು ನಿಮಿಷ.

ಚಹಾ ಕುಡಿದು ಹೊರಡುವವನಿದ್ದೆ. ಆರೂವರೆ ಸುಮಾರಿಗೆ ಮೇಡಂ ಒಳಗೆ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು, ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಒಂದು ಫ್ಲಾಪಿ.

“ಅಯ್ಯೋ, ನೀವೂ ಇಲ್ಲೇ ಇದೀರಾ ಸಾರ್? ಒಳ್ಳೇದಾಯ್ತು. ಬಾಳ್ಳುಪೇಟೆ ಹತ್ರ ಬಸ್ಸು ಪಂಕ್ಚರ್ ಆಗ್ಬುಡ್ತು, ಒಂದ್ ಗಂಟೆ ನಿಂತಿದ್ವಿ. ಯಾವ್ ಮಿಷಿನ್ ಖಾಲಿ ಐತೆ?”

ನಾನು ಪಕ್ಕದ್ದನ್ನು ತೋರಿಸಿದೆ. ಮುಗಿದಿದೆ ಎಂದು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಅವರು ಹೇಗೆ ಬರೆಯುತ್ತಾರೆ ನೋಡೋಣ ಎಂಬ ವರದಿಗಾರನ ಕುತೂಹಲ ಅದು. ಅದಕ್ಕೆ ಬೇರೆ ಹೆಸರಿಲ್ಲ.

ಫ್ಲಾಪಿಯಿಂದ ತಮ್ಮ ಕೀಲಿಮಣೆಯನ್ನು ಹಾಕಿಕೊಂಡು ಹತ್ತೂ ಬೆರಳಲ್ಲಿ, ಕೀಲಿ ನೋಡದೆ ಬರೆದರು. ಮೈನಸ್ ಒನ್. ಕಾರಣ: ಜಿಲ್ಲೆಯಲ್ಲಿ ಕನ್ನಡ ಟೈಪಿಂಗ್ ಪಾಸಾದವರೆಲ್ಲರ ಬೆರಳು ಈ ಕೀಲಿಮಣೆಗೇ ಕಲಿತಿವೆ. ಕೆಲಸ: ಒತ್ತಕ್ಷರದಲ್ಲಿ ಕುಸಿಯುತ್ತಿದ್ದ ಭಾಗವನ್ನು ಸರಿಪಡಿಸಿದ್ದೇನೆ, ಕಡತ ಲಗತ್ತಿಸಿದೆ, ಮುಂದೆಯೂ ನಾನೇ ನೋಡಿಕೊಳ್ಳುತ್ತೇನೆ.

“ನೀವು ಸರಿಪಡಿಸಿದ್ರಾ? ಪ್ರೋಗ್ರಾಂ ಬರುತ್ತಾ ನಿಮಗೆ?”

“ಹುಡುಗ ಬಿಟ್ಟೋದ್ಮೇಲೆ ಪುಸ್ತಕ ತರ್ಸ್ಕೊಂಡೆ. ಸೋಮವಾರ ರಾತ್ರೀನೇ ಆ ಮೈಲ್ ಓದಿದ್ನಲ್ಲ, ಆವಾಗಿಂದ ಕೂತಿದೀನಿ. ಇವತ್ತು ಮಧ್ಯಾಹ್ನ ಸರಿಹೋಯ್ತು. ಹನ್ನೊಂದು ಹುಡ್ಗೀರೂ ಹೊಡೆದು ನೋಡವ್ರೆ, ಒಂದು ಒತ್ತೂ ಬೀಳ್ಲಿಲ್ಲ.”

“ಸೋಮವಾರ ರಾತ್ರಿ ಓದಿದ್ರಾ? ಆವತ್ತು ಲೈನ್ ಇತ್ತಲ್ಲ ಮೇಡಂ. ಒಂದು ಸಾಲು, ಮೈನಸ್ ಒನ್, ನಾನು ಮಾಡ್ತೀನಿ ಅಂತ ಹಾಕಿದ್ರೆ ಸಾಕಿತ್ತು.”

“ಮಾಡ್ದೇ ಹೆಂಗೆ ಸಾರ್ ಮಾಡ್ತೀನಿ ಅಂತ ಬರೆಯೋದು? ಬೇಡ ಅನ್ನೋರು ಕೆಲ್ಸ ಹೊರಬೇಕು ಅಂತ ರೂಲ್ ಐತಲ್ಲ. ನಂಗೆ ಆಗ್ತೈತೋ ಇಲ್ವೋ ಗೊತ್ತಿರ್ಲಿಲ್ಲ. ಆಗ್ದೇ ಇದ್ರೆ?”

ಆ ಗುಂಪಿನಲ್ಲಿ ನಾನು ದಾಖಲಿಸಿದ ಮೈನಸ್ ಒನ್‌ಗಳಲ್ಲಿ ಅರ್ಧಕ್ಕೂ ಹೆಚ್ಚು ಬರೀ ‘ನಾನು ಮಾಡುತ್ತೇನೆ’ ಎಂಬ ಮಾತಿನ ಮೇಲೆ ನಿಂತಿದ್ದವು. ಬರೆದವರು ಆಮೇಲೆ ಮಾಡಿದ್ದು ಅಪರೂಪ. ನಿಯಮವನ್ನು ಇದ್ದ ಹಾಗೆ ಓದಿದವರು ಇವರೊಬ್ಬರೇ.

ಅವರು ಕಳಿಸುವ ಗುಂಡಿ ಒತ್ತಿದಾಗ ಆರು ಗಂಟೆ ನಲವತ್ತು ನಿಮಿಷ. ಆಗ ಹೇಳಿದೆ: “ಮೇಡಂ, ಆರಕ್ಕೆ ಮುಗೀತು. ನಾನು ಘೋಷಣೆ ಮಾಡಿಬಿಟ್ಟಿದ್ದೀನಿ.”

ಅವರು ಪರದೆಯನ್ನೇ ನೋಡುತ್ತಿದ್ದರು. ಮಾಲೀಕ ಅಲ್ಲಿಂದಲೇ ಬಾಯಿ ಹಾಕಿದ: “ಬೂತ್ ಬಾಗಿಲು ಹಾಕ್ದ ಮೇಲೆ ಬಂದ್ರಲ್ಲ ಅಮ್ಮಾ. ಬೆರಳಿಗೆ ಮಸಿ ಹಚ್ಚಾಕೆ ಯಾರೂ ಇಲ್ಲ.”

“ಸುಮ್ನಿರೋ,” ಎಂದೆ. ಮೇಡಂ ನಗಲು ನೋಡಿದರು.

“ಲೈನ್ ಹರಿದುಹೋಗಿತ್ತು ಅಂತ ಅವ್ರಿಗೆ ಗೊತ್ತಾದ್ರೆ ತಗೋತಾರೆ ಅಲ್ವಾ ಸಾರ್? ನೀವೇ ಪೇಪರಲ್ಲಿ ಬರೆದಿದ್ರಲ್ಲ. ನಮ್ಮೂರ್ ಬಸ್ಸಲ್ಲೇ ಓದ್ದೆ.”

ಎಂಜಿನಿಯರಿಗೆ ಬಿಟ್ಟದ್ದು ಎಂದು ಹೇಳಿ ಸ್ಕೂಟರ್ ಹತ್ತಿದೆ. ಅದೂ ನಿಜವಾಗಲಿಲ್ಲ. ಶುಕ್ರವಾರ ಬೆಳಿಗ್ಗೆ ಎಂಜಿನಿಯರ್ ನನಗೊಬ್ಬನಿಗೇ ಬರೆದಿದ್ದರು: “ಅವರ ಕಡತ ಪರೀಕ್ಷಿಸಿದೆ. ಕೆಲಸ ಮಾಡುತ್ತದೆ, ಅಚ್ಚುಕಟ್ಟಾಗಿದೆ. ಲೈನ್ ಹೋಗಿದ್ದು ನಿಜವಾದರೆ ನನ್ನ ಅಭ್ಯಂತರವಿಲ್ಲ. ತಡವಾದದ್ದನ್ನು ಎಣಿಸಬೇಕೋ ಬೇಡವೋ ದಾಖಲೆಗಾರರ ತೀರ್ಮಾನ. ನೀವು ಹೇಳಿದಂತೆ ಮಾಡುತ್ತೇನೆ.”

ಬಾಗಿಲು ತೆರೆದಿತ್ತು. ತೆರೆಯುವವನೂ ಮುಚ್ಚುವವನೂ ನಾನು. ಒಂದು ಗಂಟೆ ಕೂತು ಯೋಚಿಸಿದೆ. ಎಣಿಸಿದರೆ ಜಿಲ್ಲಾ ಸಂಘದ ಮಾತು ಮತ್ತೆ ಬರುತ್ತದೆ. ನೆರೆಯ ತಾಲ್ಲೂಕಿನವರಿಗೆ ನಲವತ್ತು ನಿಮಿಷ ಕೊಟ್ಟ, ಒಂದೇ ಸೈಬರಿನಲ್ಲಿ ಪಕ್ಕಪಕ್ಕ ಕೂತು ಬರೆಸಿದ ಎನ್ನುತ್ತಾರೆ. ಮೇಡಂ ಬೆಂಗಳೂರಿನವರಾಗಿದ್ದರೆ ಖಂಡಿತ ಎಣಿಸುತ್ತಿದ್ದೆ. ಇದನ್ನು ಆಗಲೇ ಸ್ಪಷ್ಟವಾಗಿ ತಿಳಿದಿದ್ದೆ.

ಉತ್ತರ ಬರೆದೆ: “ಲೈನ್ ಕಡಿತವಾಗಿದ್ದು ನಿಜ. ಆದರೆ ನಿಯಮದಲ್ಲಿ ಅಂಥ ವಿನಾಯಿತಿ ಇಲ್ಲ. ಆಕ್ಷೇಪ ನಲವತ್ತು ನಿಮಿಷ ತಡವಾಗಿದೆ. ಎಣಿಸಲಾಗದು.” ಅದನ್ನು ಇಡೀ ಲಿಸ್ಟಿಗೆ ಕಳಿಸಿದೆ. ಸಂಜೆಯೊಳಗೆ ನಾಲ್ಕು ಜನ ನನ್ನ ನಿಷ್ಪಕ್ಷಪಾತವನ್ನು ಹೊಗಳಿ ಬರೆದರು. ಅದರಲ್ಲಿ ಜಿಲ್ಲಾ ಸಂಘ ಎಂದು ಅಣಕಿಸಿದವನೂ ಒಬ್ಬ. ಇನ್ನೊಬ್ಬರು ಮೇಡಂಗೆ ಸಮಾಧಾನ ಹೇಳಿದ್ದರು: ಇದು ಮುಕ್ತ ತಂತ್ರಾಂಶ, ಯಾರೂ ನಿಮ್ಮನ್ನು ತಡೆಯುವುದಿಲ್ಲ, ಇಡೀ ತಂತ್ರಾಂಶದ ಪ್ರತಿ ತೆಗೆದುಕೊಂಡು ನಿಮ್ಮದೇ ಬೇರೆ ಗುಂಪು ಕಟ್ಟಿಕೊಳ್ಳಿ. ಎರಡು ಹಳೆಯ ಕಂಪ್ಯೂಟರ್, ಮರ ಬಿದ್ದರೆ ಹರಿಯುವ ಒಂದು ತಂತಿ, ಹನ್ನೊಂದು ಹುಡುಗಿಯರು. ಇಷ್ಟು ಇಟ್ಟುಕೊಂಡು ಕಟ್ಟಬೇಕಿತ್ತು.

ಒಂದು ತೊಡಕು ಉಳಿದಿತ್ತು. ಯಾವ ಕಡತವನ್ನೂ ಅದರ ಪಾಲಕರಲ್ಲದೆ ಬೇರೆಯವರು ಅಳಿಸುವಂತಿರಲಿಲ್ಲ. ಯಾರ ದುಡಿಮೆಯನ್ನೂ ಯಾರೂ ಬೆನ್ನ ಹಿಂದೆ ಕಿತ್ತು ಹಾಕಬಾರದೆಂದು ಮಾಡಿದ ನಿಯಮ. ಹಾಗಾಗಿ ಅಳಿಸಬೇಕಾದವರು ಮೇಡಂ. ಊರಿನವನೆಂದು ಅವರಿಗೆ ತಿಳಿಸುವ ಕೆಲಸ ನನಗೆ ಬಿತ್ತು. ಈ ಸಲ ಯಾರಿಗೂ ಅದು ಪಕ್ಷಪಾತವಾಗಿ ಕಾಣಲಿಲ್ಲ. ಆಲೂರಿನ ಲೈನ್ ಇನ್ನೂ ಸರಿಹೋಗಿರಲಿಲ್ಲ. ಬಸ್ ಕಂಡಕ್ಟರ್ ಕೈಯಲ್ಲಿ ಚೀಟಿ ಕಳಿಸಿದೆ. ಅರ್ಧ ದಿನದಲ್ಲೇ ತಲುಪಿತು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬಂದರು. ಮಾಲೀಕ ಅವತ್ತು ತಮಾಷೆ ಬಿಟ್ಟು ಕುರ್ಚಿ ಒರೆಸಿಕೊಟ್ಟ.

“ನಾನು ತೆಗೀದೆ ಇದ್ರೆ ಏನಾಗ್ತೈತೆ ಸಾರ್?”

“ನಿಮ್ಮನ್ನ ಪಾಲಕ ಸ್ಥಾನದಿಂದ ಇಳಿಸೋಕೆ ಒಂದು ಪ್ರಸ್ತಾಪ ಬರುತ್ತೆ. ಎಪ್ಪತ್ತೆರಡು ಗಂಟೆ. ನಿಮ್ಮ ವಿಷಯ ಆದ್ದರಿಂದ ಅದರಲ್ಲಿ ನಿಮಗೆ ಓಟು ಇರಲ್ಲ.”

“ಆಮೇಲೆ?”

“ಬೇರೆಯವರು ಪಾಲಕರಾಗಿ ತೆಗೀತಾರೆ. ಬಿಡುಗಡೆ ಒಂದು ವಾರ ತಡ ಆಗುತ್ತೆ. ಬೈತಾರೆ.”

“ಬೈಯ್ಯೋದು ಹೊಸದಲ್ಲ, ಬುಡಿ. ಗುಜರಿ ತೂಕದ ಲೆಕ್ಕಾನೂ ಓದಿದೀನಿ.” ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು. “ಮುಂದಿನ ಸಲ ಸೇರಿಸ್ಬೋದಾ?”

“ತೀರ್ಮಾನ ಆದದ್ದನ್ನ ಮುಂದಿನ ಬಿಡುಗಡೆವರೆಗೆ ಮತ್ತೆ ಎತ್ತೋ ಹಾಗಿಲ್ಲ. ಒಂದು ವರ್ಷ.”

“ಹುಡ್ಗೀರು ಒಂದ್ ವರ್ಷ ಕಾಯ್ತಾರಾ? ಮದ್ವೆ ಆಗೋಯ್ತವೆ.”

ಅಳಿಸುವ ಆಜ್ಞೆಯನ್ನು ನಾನು ಓದಿ ಹೇಳಿದೆ, ಅವರು ಹೊಡೆದರು. ಕೋಷ್ಟಕ, ಪ್ರೋಗ್ರಾಂ, ಕೀಲಿಮಣೆಯ ಚಿತ್ರ, ಸೂಚನೆಯ ಹಾಳೆ: ನಾಲ್ಕು ಕಡತ. ಪ್ರತಿ ಸಲ ‘ಖಚಿತವೇ?’ ಎಂದು ಕಂಪ್ಯೂಟರ್ ಕೇಳಿತು. ಪ್ರತಿ ಸಲ ಹೌದು ಎಂದರು. ಕೊನೆಗೆ, ಯಾಕೆ ಅಳಿಸಲಾಯಿತು ಎಂದು ಒಂದು ಸಾಲು ಬರೆಯಲು ಜಾಗ ಬಂತು.

“ಏನ್ ಬರೀಲಿ?”

“‘ಗುಂಪಿನ ತೀರ್ಮಾನದಂತೆ ತೆಗೆಯಲಾಗಿದೆ’ ಅಂತ ಹಾಕಿ.”

“ಗುಂಪಿನ ತೀರ್ಮಾನ ಅಂದ್ರೆ ಯಾರ್ದು ಸಾರ್? ಎಂಜಿನಿಯರು ಎಣಿಸ್ಬೋದು ಅಂದಿದ್ರಂತಲ್ಲ. ನಂಗೂ ಬರೆದವ್ರೆ, ಈಗ ಇಲ್ಲೇ ಓದ್ದೆ.”

ಉತ್ತರಕ್ಕೆ ಅವರು ಕಾಯಲಿಲ್ಲ. ನಾನು ಹೇಳಿದ ಸಾಲನ್ನು ಹೊಡೆಯದೆ ‘ತೆಗೆದಿದೆ’ ಎಂದು ಒಂದೇ ಪದ ಹೊಡೆದು ಒತ್ತಿದರು. ಪರದೆಯ ಮೇಲೆ ಅವರ ಹೆಸರು, ತಾರೀಖು, ಸಮಯ, ಆ ಒಂದು ಪದ ಬಂತು. ಎದ್ದು ಹೋಗುವಾಗ ಮಾಲೀಕ ಅರ್ಧ ಗಂಟೆಯ ದುಡ್ಡು ಬೇಡ ಎಂದ. ಕೊಟ್ಟೇ ಹೋದರು.

ಬಿಡುಗಡೆ ಹೇಳಿದ ದಿನಕ್ಕೆ ಆಯಿತು. ಜೂನಿನಲ್ಲಿ ಆಲೂರಿಗೆ ಬೇರೆ ವರದಿಗೆ ಹೋದಾಗ ಮಹಡಿ ಹತ್ತಿದೆ. ಹನ್ನೊಂದರಲ್ಲಿ ನಾಲ್ಕು ಹುಡುಗಿಯರು ಉಳಿದಿದ್ದರು. ಮೇಡಂ ಅವರಿಗೆ ಗುಂಪು ಉಳಿಸಿಕೊಂಡ ಕೀಲಿಮಣೆಯನ್ನು ಮೊದಲಿನಿಂದ ಕಲಿಸುತ್ತಿದ್ದರು. ಸೀನಿಯರ್ ಪಾಸಾದ ಹುಡುಗಿಯೊಬ್ಬಳು ಎರಡು ಬೆರಳಲ್ಲಿ ಕೋಳಿ ಕಾಳು ಹೆಕ್ಕಿದ ಹಾಗೆ ಒಂದೊಂದೇ ಅಕ್ಷರ ಹುಡುಕುತ್ತಿದ್ದಳು. ಮೇಡಂ ನನಗೆ ಕುರ್ಚಿ ಹಾಕಿ, ಕಾಫಿ ತರಿಸಿ, ಮಳೆ ಬೆಳೆ ವಿಚಾರಿಸಿದರು. ಲಿಸ್ಟಿನಿಂದ ತಮ್ಮ ಹೆಸರು ತೆಗೆಸಿಕೊಂಡಿದ್ದರೆಂದು ನನಗೆ ಗೊತ್ತಿತ್ತು. ಆ ಕೋರಿಕೆಯನ್ನೂ ದಾಖಲಿಸಿದವನು ನಾನು.

ಎರಡು ವರ್ಷದ ಮೇಲೆ ಧಾರವಾಡದ ಕಡೆಯ ಒಬ್ಬ ಹೊಸ ಸದಸ್ಯ ಲಿಸ್ಟಿಗೆ ಬರೆದ. ತನ್ನ ತಾಯಿ ಕೋರ್ಟಿನಲ್ಲಿ ಟೈಪಿಸ್ಟ್, ಅವರಿಗೆ ಟೈಪ್‌ರೈಟರ್ ಕೀಲಿಮಣೆ ಬೇಕು. ಹಳೆಯ ಆವೃತ್ತಿಯಲ್ಲಿ ಇತ್ತಂತೆ. ಅಂಥ ಕೆಲಸವನ್ನು ಯಾರು ತೆಗೆದರು, ಯಾಕೆ?

ಆಗ ಗುಂಪಿನಲ್ಲಿ ಹಳಬರು ಕಡಿಮೆಯಾಗಿದ್ದರು. ಎಂಜಿನಿಯರ್ ಬಿಟ್ಟು ಹೋಗಿದ್ದರು. ಪ್ರಶ್ನೆ ಒಂದು ದಿನ ಹಾಗೇ ಇತ್ತು. ಮರುದಿನ ಉತ್ತರ ಹೋಯಿತು: “ಅದನ್ನು ಅದರ ಪಾಲಕರೇ ತೆಗೆದಿದ್ದಾರೆ. ಕಾರಣ ದಾಖಲಿಸಿಲ್ಲ.” ಜೊತೆಗೆ ಅವರ ಹೆಸರು, ತಾರೀಖು, ಸಮಯ.

ಆ ಉತ್ತರದಲ್ಲಿ ಸುಳ್ಳೆಂದು ತೋರಿಸಬಹುದಾದ ಒಂದು ಪದವೂ ಇಲ್ಲ. ಬರೆದವನು ನಾನು.